ಮಾತಾಡದ ಕ್ಯಾಪ್ಟನ್ನನ ಹಿಂದಿನ ಕತೆ

"ಈ ಸಿನಿಮಾ ತಿಳಿಯೂವಂಥಾ ತಲಿ ಇಡೀ ಬೈಲಹೊಂಗಲದಾಗ ಒಂದ ಐತಿ. ಅದು ಈ ಹೆಗಲಿನ ಮ್ಯಾಲೈತಿ!"

ಹೀಗೆಂದು ಭಾಂಡೆ ಅಂಗಡಿಯ ಕಲ್ಮೇಶ ತನ್ನ ತಲೆಯನ್ನು ತಾನೇ ತಟ್ಟಿಕೊಂಡು ಘೋಷಿಸಿದ. ಅವನ ಹಿಂದೆ ಸಾಲಾಗಿ ಜೋಡಿಸಿದ್ದ ಸ್ಟೀಲಿನ ಡಬ್ಬಿಗಳಲ್ಲಿ ಅವನವೇ ಹತ್ತಾರು ತಲೆಗಳು ಹೊಳೆಯುತ್ತಿದ್ದವು. ಒಂದೂ ವಿರೋಧಿಸಲಿಲ್ಲ.

ಅದು ಎರಡು ಸಾವಿರದ ಇಸವಿ. ಕಲ್ಮೇಶ ಧಾರವಾಡದಲ್ಲಿ ಕಾಲೇಜು ಓದುವಾಗ 'ನಕ್ಷತ್ರದಂಡು' ಎಂದು ಕನ್ನಡಿಸಬಹುದಾದ ಹೆಸರಿನ ಒಂದು ಇಂಗ್ಲಿಷ್ ಸಿನಿಮಾದ ಮೂರು ಭಾಗಗಳನ್ನು ನೋಡಿದ್ದ. ನೋಡಿದ್ದ ಎಂದರೆ ತಪ್ಪಾದೀತು, ದೀಕ್ಷೆ ತೆಗೆದುಕೊಂಡಿದ್ದ. ಅದರ ನಾಯಕ ಕ್ಯಾಪ್ಟನ್ ಟೋರ್ಗನ್ ಮೂರು ಭಾಗಗಳಲ್ಲಿ ಮೂರು ಸೂರ್ಯರನ್ನು ಆರಿಸುತ್ತಾನೆ, ಲೆಕ್ಕವಿಲ್ಲದಷ್ಟು ರಾಕ್ಷಸರನ್ನು ಸುಡುತ್ತಾನೆ, ಆದರೆ ಒಂದೇ ಒಂದು ಮಾತು ಆಡುವುದಿಲ್ಲ! ಯಾರು ಏನೇ ಕೇಳಿದರೂ ಕಣ್ಣು ಕಿರಿದು ಮಾಡಿ ದೂರಕ್ಕೆ ನೋಡುತ್ತಾನೆ. ಅವನ ಎದೆಯಲ್ಲಿ ಭಾಷೆಗೆ ನಿಲುಕದಂಥ ಯಾವುದೋ ಮಹಾಸಂಗತಿ ಇದೆ ಎಂದು ಕಲ್ಮೇಶ ನಂಬಿದ್ದ. ಬಜಾರದಲ್ಲಿ ಫೋಟೋ ಸ್ಟುಡಿಯೋ ಇಟ್ಟ ಶ್ರೀಶೈಲ, ಸವದತ್ತಿಯ ಶಟ್ಟೆಪ್ಪ ಕೂಡ ಹಾಗೇ ನಂಬಿದ್ದರು. ಈ ಮೂವರೇ ಆ ಸೀಮೆಯ ಅಭಿಮಾನಿ ಬಳಗ. ಅಧ್ಯಕ್ಷ ಕಲ್ಮೇಶ.

ನಂಬಿ ಸುಮ್ಮನಿದ್ದರೆ ಅಡ್ಡಿಯಿರಲಿಲ್ಲ. ಕಲ್ಮೇಶ ಆ ಮೌನವನ್ನು ಮನೆಗೂ ತಂದಿದ್ದ.

"ಗ್ಯಾಸ್ ತೀರೇತ್ರಿ" ಎಂದು ಹೆಂಡತಿ ಅನ್ನಪೂರ್ಣಾ ಅಂದರೆ ಅವನು ಕಣ್ಣು ಕಿರಿದು ಮಾಡಿ ಮಾಳಿಗೆಯ ಜಂತಿ ನೋಡುತ್ತಿದ್ದ. "ಊಟಕ್ಕ ಏನ ಮಾಡ್ಲಿ?" ಅಂದರೂ ಜಂತಿ. "ನಮ್ಮ ತಮ್ಮನ ಲಗ್ನಕ್ಕ ಹೋಗೂನೇನ್ರಿ?" ಅಂದರೂ ಜಂತಿ. ಗಿರಾಕಿಗಳ ಜೋಡಿ ಸಂಜೆತನಕ ವಟವಟ ಅನ್ನುವ ಮನುಷ್ಯ ಹೊಸ್ತಿಲು ದಾಟಿದೊಡನೆ ಕ್ಯಾಪ್ಟನ್ ಆಗಿಬಿಡುತ್ತಿದ್ದ.

ಮದುವೆಯಾದ ಹೊಸತರಲ್ಲಿ ಅನ್ನಪೂರ್ಣಾ ಒಮ್ಮೆ ದೊಡ್ಡ ಮಾತು ಕೇಳಿದ್ದಳು. ಅವಳು ಟಿ.ಸಿ.ಎಚ್. ಮುಗಿಸಿದವಳು. ಕಿತ್ತೂರಿನ ಒಂದು ಖಾಸಗಿ ಶಾಲೆಯವರು ಮಾಸ್ತರಿಣಿಯಾಗಿ ಬರುವಂತೆ ಕರೆದಿದ್ದರು. ಊಟಕ್ಕೆ ಕುಳಿತಾಗ, ಅತ್ತೆ ರಾಯವ್ವನ ಎದುರಿಗೇ, "ಹೋಗಲೇನ್ರಿ?" ಎಂದಳು. ರಾಯವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಮಗನ ಮುಖ ನೋಡಿದಳು. ಅನ್ನಪೂರ್ಣಾನೂ ನೋಡಿದಳು. ಕಲ್ಮೇಶ ಲೆಕ್ಕ ಹಾಕಿದ. ಹೂಂ ಅಂದರೆ ಅವ್ವ ಸಿಟ್ಟಾದಾಳು, ಉಹುಂ ಅಂದರೆ ಹೆಂಡತಿ ಅತ್ತಾಳು. ಅವನು ಜಂತಿ ನೋಡಿದ. ಅನ್ನಪೂರ್ಣಾ ತಾಟುಗಳನ್ನು ಎತ್ತಿಕೊಂಡು ಎದ್ದಳು. ಕಿತ್ತೂರಿನ ಶಾಲೆಗೆ ಬೇರೆ ಯಾರೋ ಹೋದರು. ಒಂದು ಗುಂಡೂ ಹಾರದೆ ಯುದ್ಧ ಗೆದ್ದೆನೆಂದು ಕಲ್ಮೇಶ ಒಳಗೊಳಗೇ ಬೀಗಿದ.

ಈಗ ಎಂಟು ವರ್ಷದ ಮೇಲೆ ಅದೇ ಶಾಲೆಯಲ್ಲಿ ಮತ್ತೆ ಜಾಗ ತೆರವಾಗಿತ್ತು. ಅನ್ನಪೂರ್ಣಾ ಮತ್ತೆ ಕೇಳಿದ್ದಳು. ಕಲ್ಮೇಶ ಮತ್ತೆ ಜಂತಿ ನೋಡಿದ್ದ. ಅಷ್ಟರಲ್ಲಿ 'ನಕ್ಷತ್ರದಂಡಿ'ನ ಹೊಸ ಸಿನಿಮಾ ಬಂತೆಂಬ ಸುದ್ದಿ ಸಿಡಿಲಿನಂತೆ ಬಡಿದು, ಉಳಿದದ್ದೆಲ್ಲ ಹಿಂದೆ ಬಿತ್ತು!

ಹೊಸದೆಂದರೆ ಮುಂದಿನ ಕತೆಯಲ್ಲ, ಹಿಂದಿನದು. ಕ್ಯಾಪ್ಟನ್ ಕ್ಯಾಪ್ಟನ್ ಆಗುವುದಕ್ಕೆ ಮೊದಲು ಏನಾಗಿತ್ತು, ಅವನು ಯಾಕೆ ಮಾತಾಡುವುದಿಲ್ಲ, ಎಲ್ಲ ಇದರಲ್ಲಿ ಬಯಲಾಗಲಿತ್ತು.

"ಮಗನ ಲಗ್ನ ಆದ ಮ್ಯಾಲ ಅವ್ವಗ ಬಸರಿನ ಕುಬಸಾ ಮಾಡಿದಂಗಾತಲ್ಲೋ!" ಎಂದು ರಾಯವ್ವ ನಕ್ಕಳು. "ಯಾರಂವಾ? ತೊರಗಲ್ಲದಾವೇನು? ನಮ್ಮ ರಾಮದುರ್ಗದ ಕಡಿಯಾಂವ?"

"ತೊರಗಲ್ಲ ಅಲ್ಲಬೇ, ಟೋರ್ಗನ್! ನೀನೂ ಬಾ, ಅನ್ನಪೂರ್ಣಾನೂ ಬರ್ಲಿ. ಗಂಡಸು ಅಂದ್ರ ಹೆಂಗಿರಬೇಕು ಅಂತ ಒಮ್ಮೆ ಕಣ್ಣಾರೆ ನೋಡ್ರಿ!"

ಟಾಕೀಜಿನ ಮಾಲೀಕ ಮಲಕಾಜಪ್ಪನಿಗೆ ಬೆನ್ನು ಬಿದ್ದು ಹಿಂದಿ ಮಾತು ಕೂಡಿಸಿದ ಪ್ರತಿಯನ್ನು ಊರಿಗೆ ತರಿಸಿದವನೂ ಕಲ್ಮೇಶನೇ. ಮೊದಲ ದಿನ, ಮಧ್ಯಾಹ್ನದ ಆಟ. ನಡುವಿನ ಸಾಲಿನಲ್ಲಿ ರಾಯವ್ವ, ಅವಳ ಎಡಕ್ಕೆ ಕಲ್ಮೇಶ, ಬಲಕ್ಕೆ ಅನ್ನಪೂರ್ಣಾ. ಹಿಂದೆ ಶ್ರೀಶೈಲ ಮತ್ತು ಶಟ್ಟೆಪ್ಪ, ಇಬ್ಬರೂ ಕ್ಯಾಪ್ಟನ್ನನಂತೆ ಕುತ್ತಿಗೆಗೆ ಕರಿ ರುಮಾಲು ಕಟ್ಟಿಕೊಂಡು ಬೆವರುತ್ತಿದ್ದರು.

ರಾಯವ್ವನಿಗೆ ಹಿಂದಿ ಬಾರದು. ಕಲ್ಮೇಶ ಒಂದೊಂದು ಮಾತನ್ನೂ ಕನ್ನಡಿಸಿ ಹೇಳುತ್ತಿದ್ದ, ಅದೂ ಇಡೀ ಟಾಕೀಜಿಗೆ ಕೇಳುವಂತೆ. "ಇಂವ ಸಣ್ಣಾಂವ ಇದ್ದಾಗಿನ ಕ್ಯಾಪ್ಟನ್, ಅವ್ವಾ! ಇಕೀನ್ನ ಲಗ್ನಾ ಆಗ್ತಾನ!"

"ಎಷ್ಟ ಮಾತಾಡ್ತಾನಲ್ಲೋ! ಮೂಕ ಅಂದಿದ್ದಿ?"

"ತಡೀಬೇ, ಮುಂದ ಐತಿ."

ಮುಂದೆ ಬಂದೇ ಬಂತು. ಆಕಾಶದಲ್ಲಿ ಒಂದು ಊರು. ಅದಕ್ಕೆ ಬೆಂಕಿ ಬಿದ್ದಿದೆ. ಬದುಕಿದವರೆಲ್ಲ ದೊಡ್ಡ ಹಡಗು ಹತ್ತಿದ್ದಾರೆ. ಕ್ಯಾಪ್ಟನ್ನನ ಹೆಂಡತಿ ಮಾತ್ರ ಹೊರಗೇ ಉಳಿದಿದ್ದಾಳೆ, ಅದು ಅವನೊಬ್ಬನಿಗೇ ಗೊತ್ತು. ಅವನ ಕಿವಿಯಲ್ಲಿ ವೈರ್‌ಲೆಸ್ಸಿನಿಂದ ಅವಳ ದನಿ. ಎದುರಿಗೆ ಬಿಳಿ ಗಡ್ಡದ ಮುದಿ ದಂಡನಾಯಕ. ಅವನು ಕೇಳುತ್ತಾನೆ: ಹೊರಗೆ ಯಾರಾದರೂ ಇದ್ದಾರೆಯೇ? ಬಾಗಿಲು ಹಾಕಲೇ?

ಕಲ್ಮೇಶನ ಕನ್ನಡ ಅಲ್ಲಿಗೆ ನಿಂತಿತು.

"ಏನಂದ್ಲೋ? ಆ ಹುಡುಗಿ ಏನೋ ಅನ್ನಾಕ ಹತ್ಯಾಳ!" ರಾಯವ್ವ ಮಗನ ತೊಡೆ ತಿವಿದಳು.

ಬಲಗಡೆಯಿಂದ ಅನ್ನಪೂರ್ಣಾ ಹೇಳಿದಳು. "'ಒಂದ ಮಾತ ಹೇಳು' ಅನ್ನಾಕ ಹತ್ಯಾಳ್ರಿ ಅತ್ತಿ. 'ನಾ ಇಲ್ಲೇ ಅದೇನಿ ಅಂತ ಹೇಳು. ಹೇಳಿದ್ರ ಬಾಗಲಾ ತಗೀತಾರ' ಅಂತ."

"ಮತ್ತ ಇವಗೇನಾಗೇತಿ? ಹೇಳವಲ್ಲ ಯಾಕ?"

"ಆ ಮುದುಕಗ ಅಂಜ್ಯಾನ್ರಿ."

ಪರದೆಯ ತುಂಬ ಕ್ಯಾಪ್ಟನ್ನನ ಮುಖ. ಅವನು ಕಣ್ಣು ಕಿರಿದು ಮಾಡಿ ದೂರಕ್ಕೆ ನೋಡಿದ. ಹೆಂಗಸರ ಸಾಲಿನಿಂದ ಒಬ್ಬಳು ಕೂಗಿದಳು, "ಬಾಯಿ ಬಿಡೋ, ನಿನ್ನ ಬಾಯಾಗ ಮಣ್ಣ ಹಾಕ್ಲಿ!" ಇನ್ನೊಬ್ಬಳು, "ಹೇಳೋ ಮೂಳಾ!" ಅಂದಳು. ಬಾಗಿಲು ಮುಚ್ಚಿತು. ವೈರ್‌ಲೆಸ್ಸಿನ ದನಿ ಸಣ್ಣದಾಗಿ ಸಣ್ಣದಾಗಿ ನಿಂತಿತು. ಅಂದಿನಿಂದ ಕ್ಯಾಪ್ಟನ್ ಟೋರ್ಗನ್ ಮಾತಾಡಲಿಲ್ಲ.

ಮಹಾಸಂಗತಿ ಅಂದರೆ ಇಷ್ಟೇ! ಪುಕ್ಕಲುತನ!

ಕಲ್ಮೇಶ ಎದ್ದ. ಸಾಲಿನವರ ಕಾಲು ತುಳಿಯುತ್ತ ಓಡಿ ಪರದೆಯ ಮುಂದಿನ ಕಟ್ಟೆ ಹತ್ತಿದ. "ಸುಳ್ಳು! ಇದು ಸುಳ್ಳು! ನಮ್ಮ ಕ್ಯಾಪ್ಟನ್ ಇಂಥಾವಲ್ಲ! ಮೊದಲಿನ ಮೂರೂ ಪಾರ್ಟ್ ನೋಡ್ರಿ!"

ಅವನ ಬಿಳಿ ಅಂಗಿಯ ಮೇಲೆ ಕ್ಯಾಪ್ಟನ್ನನ ಗದ್ದ ಮೂಡಿ ಅಲುಗಾಡಿತು. "ಮಾತಾಡಬೇಕಾದಾವ ಮಾತಾಡವಲ್ಲ, ಸುಮ್ಮಿರಬೇಕಾದಾವ ಸುಮ್ಮಿರವಲ್ಲ!" ಎಂದು ಯಾರೋ ಒದರಿದರು. ಶೇಂಗಾ ಸಿಪ್ಪೆಯ ಮಳೆ ಸುರಿಯಿತು. ತಪ್ಪಿಸಿಕೊಳ್ಳಲು ಹಿಂದೆ ಸರಿದ ಕಲ್ಮೇಶ ಎಡವಿ, ಕೈಗೆ ಸಿಕ್ಕ ಪರದೆಯನ್ನೇ ಹಿಡಿದು ಜೋತುಬಿದ್ದ. ಚರ್ರ್!

ಪರದೆ ಅಡ್ಡಡ್ಡ ಹರಿಯಿತು. ಹರಿದದ್ದು ಎಲ್ಲೆಂದರೆ, ಸರಿಯಾಗಿ ಕ್ಯಾಪ್ಟನ್ನನ ಬಾಯಿ ಬರುವ ಜಾಗದಲ್ಲಿ.

ಮಲಕಾಜಪ್ಪ ಆ ಸಂಜೆಯೇ ದರ್ಜಿಯನ್ನು ಕರೆಸಿ ದಪ್ಪ ದಾರದಲ್ಲಿ ಹೊಲಿಸಿದ. ಮರುದಿನದಿಂದ ಕ್ಯಾಪ್ಟನ್ನನ ಮುಖ ಹತ್ತಿರ ಬಂದಾಗಲೆಲ್ಲ ಅವನ ತುಟಿಗಳು ಹೊಲಿಗೆ ಹಾಕಿದಂತೆ ಕಾಣತೊಡಗಿದವು. ಇದು ಸಿನಿಮಾದವರೇ ಮಾಡಿದ್ದೆಂದು ತಿಳಿದು ಜನ ಬೆರಗಾದರು. ಸಂಗೊಳ್ಳಿಯಿಂದ, ದೇಗಾಂವದಿಂದ ಹೆಂಗಸರು ಟ್ರ್ಯಾಕ್ಟರ್ ತುಂಬ ಬಂದರು.

ಅಭಿಮಾನಿ ಬಳಗ ಮುರಿದುಬಿತ್ತು. ಶ್ರೀಶೈಲ ಸ್ಟುಡಿಯೋದೊಳಗಿನ ಕ್ಯಾಪ್ಟನ್ನನ ಚಿತ್ರ ಹರಿದು, ಡಾರ್ಕ್ ರೂಮಿನಲ್ಲಿ ಕೂತು ಅತ್ತ. ಹೊರಗೆ ಪಾಸ್‌ಪೋರ್ಟ್ ಫೋಟೋದವರು ಕಾದು ಎದ್ದುಹೋದರು. ಶಟ್ಟೆಪ್ಪನ ದುಃಖವೇ ಬೇರೆ. "ಹೇಂತಿ ಸತ್ತದ್ದು ಇರ್ಲಿ ಬಿಡ್ರಿ. ಹಡಗದ ಬಾಗಲಾ ಮೊದಲಿನ ಪಾರ್ಟಿನಾಗ ಎಡಕ್ಕಿತ್ತು, ಇದರಾಗ ಬಲಕ್ಕೈತಿ! ಇಷ್ಟೂ ಲಕ್ಷ್ಯ ಬ್ಯಾಡೇನ್ರಿ?" ಎಂದು ಸವದತ್ತಿ ಬಸ್ಸು ಹತ್ತಿದವನು ತಿರುಗಿ ನೋಡಲಿಲ್ಲ.

ಉಳಿದವನು ಕಲ್ಮೇಶ ಒಬ್ಬನೇ. ಮನೆಯಲ್ಲಿ ಮಾತಾಡದ ಮನುಷ್ಯನ ಮಾತಿನ ಕಟ್ಟೆ ಒಡೆದಿತ್ತು. ಅಂಗಡಿ ಬಿಟ್ಟು ಟಾಕೀಜಿನ ಬಾಗಿಲಲ್ಲಿ ನಿಂತು, "ಹೋಗಬ್ಯಾಡ್ರಿ, ಮೋಸ ಐತಿ!" ಎಂದು ಸಾರಿದ. ಜನ ಅದೇನು ಮೋಸವೆಂದು ನೋಡಲು ಇನ್ನಷ್ಟು ನುಗ್ಗಿದರು. ಕೊನೆಗೆ ಕತೆಯನ್ನು ತಾನೇ ತಿದ್ದಲು ಹೊರಟ. ಕ್ಷೌರದ ಅಂಗಡಿಯಲ್ಲಿ, ಚಹಾದ ಅಂಗಡಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಎದೆಯ ಮೇಲೆ ಕೈಯಿಟ್ಟು, "ನಮ್ಮ ಕ್ಯಾಪ್ಟನ್ ಇದ್ದಿದ್ರ ಹಿಂಗಂತಿದ್ದಾ! 'ಹಾಕಬ್ಯಾಡ್ರಿ ಬಾಗಲಾ! ನನ್ನ ಹೇಂತಿ ಹೊರಗದಾಳ!'" ಎಂದು ಅಬ್ಬರಿಸಿದ. ಕೇಳಿದವರು ಚಪ್ಪಾಳೆ ತಟ್ಟಿ ಇನ್ನೊಮ್ಮೆ ಮಾಡಿ ತೋರಿಸೆಂದರು. ಅವನು ಇನ್ನೊಮ್ಮೆ ಮಾಡಿದ.

"ಇನ್ನೊಂದ ವಾರ ಓಡಸ್ತೇನಿ ಸಾವಕಾರ," ಎಂದು ಮಲಕಾಜಪ್ಪ ಕೈಮುಗಿದ. "ನೀವು ಬೈಯೂದೊಂದ ನಿಲ್ಲಸಬ್ಯಾಡ್ರಿ."

ಮನೆಯಲ್ಲೂ ಅದೇ ಪಾರಾಯಣ. ಒಂದು ಸಂಜೆ ಊಟಕ್ಕೆ ಕೂತಾಗ ರಾಯವ್ವ ತಡೆದಳು. "ಸಾಕ ಮಾಡೋ ಮಾರಾಯಾ. ಆ ಹುಡುಗಿ ಕೇಳಿದಾಗ ಹೂಂ ಅಂದಿದ್ರ ಅವನ ಗಂಟೇನ ಹೋಗ್ತಿತ್ತು? ಒಂದ ಮಾತಿಗೆ ಕಾದು ಕಾದು ಸತ್ತಳಲ್ಲ, ಪಾಪ."

ಅನ್ನಪೂರ್ಣಾ ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟಳು. ಗಂಡನ ಕಡೆ ನೋಡಲಿಲ್ಲ.

"ಅತ್ತಿ, ನಾ ನಿಮ್ಮನ್ನ ಒಂದ ಕೇಳಲೇನ್ರಿ? ಕಿತ್ತೂರ ಸಾಲಿಯವರು ಮತ್ತ ಕರದಾರ್ರಿ. ಹೋಗಲೇನ್ರಿ?"

"ಹೋಗವಾ."

ಅಷ್ಟೇ! ಕಲ್ಮೇಶನ ಕೈಯೊಳಗಿನ ತುತ್ತು ಅಲ್ಲೇ ನಿಂತಿತು.

"ಬ್ಯಾಡ ಅನ್ನೂದಿಲ್ಲೇನ್ರಿ?" ಅನ್ನಪೂರ್ಣಾ ಮತ್ತೆ ಕೇಳಿದಳು.

"ನಾ ಯಾವಾಗ ಬ್ಯಾಡ ಅಂದೇನಿ?"

"ಆವತ್ತ... ಲಗ್ನಾ ಆದ ವರ್ಷ..."

"ಆವತ್ತ ನಾ ಇವನ ಮಾರಿ ನೋಡಿದ್ನಿ. ಇಂವ ಜಂತಿ ನೋಡಾಕ ಹತ್ತಿದ್ದಾ. ಹೇಂತಿ ಹೊರಗ ದುಡಿಯೂದು ಇವನ ಮನಸಿಗಿಲ್ಲ ಅಂತ ತಿಳದ್ನಿ. ಗಂಡಾ ಹೇಂತಿ ನಡುವ ನಾ ಯಾಕ ಬರ್ಲಿ ಅಂತ ಸುಮ್ಮನಾದ್ನಿ."

"ನೀವು ಬ್ಯಾಡ ಅಂತೀರಂತ ಅವರು ಸುಮ್ಮನಾದ್ರು ಅಂತ ನಾ ತಿಳದಿದ್ನಿರಿ."

ಇಬ್ಬರೂ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ನಿಧಾನವಾಗಿ ಕಲ್ಮೇಶನ ಕಡೆ ತಿರುಗಿದರು.

"ಹಂಗಾದ್ರ ಬ್ಯಾಡ ಅಂದಾವರು ಯಾರು?" ಎಂದಳು ಅನ್ನಪೂರ್ಣಾ.

ಯಾರೂ ಅಂದಿರಲಿಲ್ಲ. ಅದೇ ಎಲ್ಲಕ್ಕಿಂತ ಕೆಟ್ಟದಾಗಿತ್ತು. ಯಾರಾದರೂ ಬೇಡವೆಂದಿದ್ದರೆ ಅವರ ಮೇಲೆ ಸಿಟ್ಟು ಮಾಡಬಹುದಿತ್ತು, ಜಗಳ ಆಡಬಹುದಿತ್ತು, ಅತ್ತು ಒಪ್ಪಿಸಬಹುದಿತ್ತು. ಎಂಟು ವರ್ಷ ಅವಳು ಇಲ್ಲದ ಗೋಡೆಯೊಂದರ ಈಚೆ ಕೂತು ರೊಟ್ಟಿ ಬಡಿದಿದ್ದಳು. ಅವಳ ಜೋಡಿ ಕಲಿತ ಶೈಲಜಾ ಆಗಲೇ ಹೆಡ್‌ಮಾಸ್ತರಿಣಿ ಆಗಿದ್ದಳು. ಅನ್ನಪೂರ್ಣಾ ಈಗ ಹೋಗಿ ಎಲ್ಲರಿಗಿಂತ ಕಿರಿಯಳಾಗಿ ಒಂದನೇ ಇಯತ್ತೆಯಿಂದ ಶುರು ಮಾಡಬೇಕು.

ಏನಾದರೂ ಹೇಳಬೇಕೆಂದು ಕಲ್ಮೇಶ ಬಾಯಿ ತೆರೆದ. ಊರಿಗೆಲ್ಲ ಸುರಿದು ಬಂದಿದ್ದ ಮಾತಿನಲ್ಲಿ ಒಂದು ಹನಿಯೂ ಉಳಿದಿರಲಿಲ್ಲ. ಅನ್ನಪೂರ್ಣಾ ಸೌಟು ಎತ್ತಿಕೊಂಡು, "ಸಾರು ಹಾಕಲೇನ್ರಿ ಅತ್ತಿ?" ಎಂದಳು.

ಸೋಮವಾರ ಬೆಳಿಗ್ಗೆ ಅವಳು ಹೊರಟಳು. ಹೊಸ ಚೀಲ, ಇಸ್ತ್ರಿ ಮಾಡಿದ ಸೀರೆ. ಗಂಡನಿಗೆ ಹೇಳಿ ಹೋಗಲಿಲ್ಲ, ಅತ್ತೆಯ ಕಾಲು ಮುಟ್ಟಿ ಹೋದಳು. ಕಲ್ಮೇಶ ಅಂಗಡಿಯ ಬೀಗ ಅರ್ಧ ತೆಗೆದವನು ಹಾಗೇ ಬಿಟ್ಟು ಬಸ್‌ಸ್ಟ್ಯಾಂಡಿಗೆ ಓಡಿದ. ದಾರಿಯುದ್ದಕ್ಕೂ ಬೇಕಾದ ಮಾತನ್ನು ಹುಡುಕಿದ. ಅಲಂಕಾರದ್ದೆಲ್ಲ ಬಿಸಾಡಿದ ಮೇಲೆ ಕೊನೆಗೆ ಎರಡು ಮೂರು ಸಣ್ಣ ಮಾತು ಉಳಿದವು.

ಕಿತ್ತೂರ ಬಸ್ಸು ಗುರುಗುಡುತ್ತ ನಿಂತಿತ್ತು. ಅನ್ನಪೂರ್ಣಾ ಕಿಡಕಿಯ ಪಕ್ಕ ಕೂತಿದ್ದಳು. ಕಲ್ಮೇಶ ಕಿಡಕಿಯ ಸರಳು ಹಿಡಿದು, ಏದುಸಿರು ಬಿಡುತ್ತ, ಎಲ್ಲರೆದುರಿಗೂ ಹೇಳಿಯೇಬಿಟ್ಟ.

"ಅನ್ನಪೂರ್ಣಾ, ಆವತ್ತ ನಾ ಬಾಯಿ ಬಿಡಬೇಕಿತ್ತು. ಅಂಜಿದ್ನಿ. ನನ್ನದ ತಪ್ಪಾತು."

ಬಸ್ಸಿನೊಳಗೆ ಹೋ ಎಂದು ಚಪ್ಪಾಳೆ ಬಿತ್ತು!

"ವಾರೆವ್ಹಾ ಸಾವಕಾರ! ಇವತ್ತ ಹೊಸಾ ಡೈಲಾಗ!" ಎಂದು ಕಂಡಕ್ಟರ್ ಬಸಯ್ಯ ನಕ್ಕ. "ಮೊನ್ನಿದಕ್ಕಿಂತ ಇದ ಚಲೋ ಐತ್ರಿ! ಆದ್ರ ಹಿಂದ ಸರೀರಿ, ಲೇಟಾಗೇತಿ."

"ಡೈಲಾಗ ಅಲ್ಲೋ..." ಎಂದ ಕಲ್ಮೇಶನ ದನಿ ನಗೆಯಲ್ಲಿ ಮುಳುಗಿತು.

ಅನ್ನಪೂರ್ಣಾ ಮಾತ್ರ ನಗಲಿಲ್ಲ. ಅವನ ಮುಖವನ್ನು ನೋಡಿದಳು. ಸರಳಿನ ಆಚೆಯಿಂದ ಮೆಲ್ಲಗೆ, ನಿಜವಾಗಿಯೂ ತಿಳಿಯದೆ, ಕೇಳಿದಳು.

"ಇದು ನಿಮ್ಮ ಮಾತೇನ್ರಿ, ಆ ಸಿನಿಮಾದ್ದಾ?"

ಕಲ್ಮೇಶ ಬಾಯಿ ತೆರೆಯುವಷ್ಟರಲ್ಲಿ ಬಸಯ್ಯ ಗಂಟೆ ಎಳೆದಿದ್ದ.