ನಂಜನ ಬದಲಿಗೆ ಒಂದು ಕಲ್ಲು

ಮೂಢನಂಬಿಕೆ ಬಿಡಿ ಎಂದು ಮಕ್ಕಳಿಗೆ ವರ್ಷಗಟ್ಟಲೆ ಪಾಠ ಹೇಳಿದ ಮೇಷ್ಟ್ರು ನಾನು. ಆದರೂ ಮೂವರು ಸೇರಿ ಶುಭಕಾರ್ಯಕ್ಕೆ ಹೊರಟರೆ ಕೆಲಸ ಕೆಡುತ್ತದೆ, ಜೊತೆಗೊಂದು ಕಲ್ಲು ಇಟ್ಟುಕೊಂಡು ನಾಲ್ವರಾಗಬೇಕು ಎಂಬ ಪದ್ಧತಿಯನ್ನು ಮಾತ್ರ ಬಿಟ್ಟವನಲ್ಲ. ಕಲ್ಲಿಗೇನು, ಕಾಫಿ ಕೊಡಿಸಬೇಕಾಗಿಲ್ಲ.

ಮೊದಲು ನಮಗೆ ಕಲ್ಲು ಬೇಕಾಗುತ್ತಲೇ ಇರಲಿಲ್ಲ. ನಾನು, ಸಿದ್ದ, ಮಾದಪ್ಪ, ನಂಜ, ಚಡ್ಡಿ ಹಾಕುವ ಮೊದಲಿನಿಂದಲೂ ನಾಲ್ವರೇ. ಹೋದ ವರ್ಷ ನಂಜ ಕಣ್ಮುಚ್ಚಿದ. ಈಗ ಅವನ ಮಗಳಿಗೆ ಹನೂರಿನ ಹತ್ತಿರದ ಶಾಗ್ಯದಲ್ಲಿ ಗಂಡು ಗೊತ್ತಾಗಿ, ಮಾತುಕತೆಗೆ ಹೋಗುವ ಹಿರಿತನ ನಮ್ಮ ತಲೆಗೆ ಬಂತು. ನಮ್ಮ ಪೈಕಿ ಮಾತು ಬಲ್ಲವನು ನಂಜನೊಬ್ಬನೇ. ನಮ್ಮ ಬಾಯಿಂದ ಈ ಸಂಬಂಧ ಮುರಿದರೆ ಆ ಹುಡುಗಿಯ ಮುಖ ಹೇಗೆ ನೋಡುವುದೆಂಬ ಭಯ ನನಗೆ.

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಸಿದ್ದ ಒಂದು ಕಲ್ಲು ಆರಿಸಿದ. ಮಾದಪ್ಪ ಒಪ್ಪಲಿಲ್ಲ. "ಲೇ, ನಂಜ ಇಷ್ಟು ಸಣ್ಕಿದ್ನೇನ್ಲಾ? ಒಸಿ ದಪ್ಪದ್ದು ತಕ್ಕೊ." ಹೀಗೆ ಚೌಕಾಸಿಯಾಗಿ ಕೊನೆಗೆ ತೆಂಗಿನಕಾಯಿ ಗಾತ್ರದ್ದು ನನ್ನ ಕೈಚೀಲಕ್ಕೆ ಬಂತು. ನಮ್ಮ ತಾಲ್ಲೂಕು ಮದರಾಸು ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದರೂ ಬಸ್ಸು ಹಳೆಯದೇ. ಹನೂರು ಬರುವಷ್ಟರಲ್ಲಿ ನನ್ನ ಮಂಡಿ, ಸಿದ್ದನ ಸೊಂಟ, ಮಾದಪ್ಪನ ಕೆಮ್ಮು ಸರದಿಯಂತೆ ಹಾಜರಿ ಹೇಳಿದವು. ಸಿದ್ದ ಚೀಲದ ಮೇಲೆ ಕೈಯಿಟ್ಟು, "ಅವ್ನು ಕಾಯ್ಲೆ ಬಿದ್ದು ಮಲಗಿದ್ದಾಗ ಓಗಿ ನೋಡ್ನಿಲ್ಲ ಕಣ್ಲಾ. ಕುಯ್ಲು ಮುಗೀಲಿ ಅಂದ್ಕಂಡೆ. ಅವನೇ ಮುಂಚೆ ಮುಗ್ದೋದ" ಎಂದ. ನಮಗೂ ದುಃಖ ಒತ್ತಿ ಬಂತು.

ಗಂಡಿನ ಮನೆಯ ಯಜಮಾನರು, "ಎಣ್ಣಿನ ಕಡೆಯಿಂದ ಮಾತಾಡೋರು ಯಾರು?" ಎಂದರು. ಮೂವರೂ ಚೀಲ ನೋಡಿದೆವು. ಕೊನೆಗೆ ಮಾದಪ್ಪ, "ಮಾತಾಡೋನು ಓಗ್ಬುಟ್ಟ ಸ್ವಾಮಿ. ಮಗು ಚಿನ್ನದಂತೋಳು. ನಮ್ಗೆ ಬರಾದು ಇಷ್ಟೇಯ" ಎಂದು ಅತ್ತೇಬಿಟ್ಟ. ಅವರೂ ಕಣ್ಣೊರೆಸಿಕೊಂಡು, ಒಳಗೆ ಕೂಗಿ ತಾಂಬೂಲ ತರಿಸಿದರು.

ಕೆಲಸವಾದ ಮೇಲೆ ಕಲ್ಲನ್ನು ಎಸೆದುಬಿಡಬೇಕು. ಊರಾಚೆ ಹುಣಸೆ ಮರದ ಕೆಳಗೆ ನಿಂತೆವು. ಯಾರಿಗೂ ಮನಸ್ಸು ಬರಲಿಲ್ಲ. "ಇರ್ಲಿ ಬುಡ್ಲಾ, ಮದ್ವೆಗೂ ಬರ್ಲಿ" ಎಂದ ಸಿದ್ದ. ಹೊರುವವನು ನಾನಲ್ಲವೇ? "ಆಮೇಲೆ?" ಎಂದೆ.

"ಆಮೇಲೆ ಕಲ್ಲೇ ಬ್ಯಾಡ. ನಮ್ಮಲ್ಲಿ ಒಬ್ಬ ಓಗ್ಬುಟ್ರೆ ಉಳ್ಯೋದು ಇಬ್ರೇ ಅಲ್ವಾ?" ಎಂದ ಮಾದಪ್ಪ.

ಉಳಿಯುವ ಆ ಇಬ್ಬರಲ್ಲಿ ನನ್ನನ್ನು ನಾನು ಆಗಲೇ ಮನಸ್ಸಿನಲ್ಲಿ ಸೇರಿಸಿಕೊಂಡುಬಿಟ್ಟಿದ್ದೆ. ನಾಚಿಕೆಯಾಗಿ ತಲೆಯೆತ್ತಿದರೆ, ಅವರಿಬ್ಬರೂ ಬಹಳ ಮರುಕದಿಂದ ನನ್ನನ್ನೇ ನೋಡುತ್ತಿದ್ದರು.