ಒಳಗೆ ಮಡಚಿಟ್ಟ ಹತ್ತು ಇಂಚು

ಹೆಂಡತಿ: ಒಂದು ಮೊಟ್ಟೆಗೆ ಇಪ್ಪತ್ತು ನಿಮಿಷ! ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ಅದೇ ಮರಿಯಾಗಿ ತಟ್ಟೆಯಿಂದ ಎದ್ದು ಹೋಗುತ್ತೆ.

ದರ್ಜಿ: ಬೆಂದ ಮೊಟ್ಟೆ ಕಣೇ, ಎಲ್ಲಿಗೂ ಹೋಗಲ್ಲ. ಒಂದೊಂದು ತುತ್ತಿಗೂ ಇಪ್ಪತ್ತೈದು ಸಲ ಅಗೀಬೇಕು ಅಂದಿದ್ದಾರೆ ಡಾಕ್ಟರು. ಮಾತಾಡಿಸಬೇಡ, ಎಣಿಕೆ ತಪ್ಪುತ್ತೆ.

ಹೆಂಡತಿ: ಒಂದೇ ಸಲಕ್ಕೆ ಆರು ನುಂಗ್ತಿದ್ದಾಗ ಎಣಿಸಿದ್ದಿದ್ರೆ ಈಗ ಎಣಿಸೋ ಗ್ರಹಚಾರ ಬರ್ತಿರಲಿಲ್ಲ.

ದರ್ಜಿ ಹತ್ತೊಂಬತ್ತನೆಯ ಸಲ ಅಗಿಯುತ್ತಿದ್ದ. ನಾಲ್ಕು ತಿಂಗಳ ಹಿಂದೆ ಆಸ್ಪತ್ರೆಯಲ್ಲಿ ತೂಕ ಇಳಿಸಲೆಂದು ಅವನ ಜಠರವನ್ನು ಕತ್ತರಿಸಿ ಒಂದು ಬಾಳೆಹಣ್ಣಿನಷ್ಟು ಮಾಡಿ ಕಳಿಸಿದ್ದರು. ಅಂದಿನಿಂದ ಮೂವತ್ತೆರಡು ಕಿಲೋ ಇಳಿದಿದ್ದ. ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ, ಹಿಂದೆ ಅಡುಗೆಮನೆ, ನಡುವೆ ಒಂದು ಪರದೆ. ಮೊದಲು ಆ ಪರದೆ ಸರಿಸಿಕೊಂಡು ಅಡ್ಡಡ್ಡ ಬರಬೇಕಿತ್ತು. ಈಗ ನೇರವಾಗಿ ಬರುತ್ತಿದ್ದ. ಅವನ ಕೈ ನೀರಿನ ಲೋಟದ ಕಡೆ ಹೋಯಿತು. ಲೋಟ ಅಲ್ಲಿರಲಿಲ್ಲ.

ಹೆಂಡತಿ: ಊಟ ಮುಗಿದು ಅರ್ಧ ಗಂಟೆ ಆಗೋವರೆಗೂ ನೀರಿಲ್ಲ. ಅದೂ ಡಾಕ್ಟರೇ ಹೇಳಿದ್ದು. ಅದನ್ನ ಮಾತ್ರ ಹೇಗೆ ಮರೀತೀರಿ?

ದರ್ಜಿ: ಜೈಲಲ್ಲಾದರೂ ನೀರು ಕೊಡ್ತಾರೆ.

ಹೆಂಡತಿ: ಅಲ್ಲಿ ಅಡುಗೆಗೆ ಹೆಸರಿಡೋ ಹಾಗಿಲ್ಲ, ನಿಮಗೆ ಸರಿಹೋಗಲ್ಲ.

ಅವಳು ಒಗೆಯುವ ಬಟ್ಟೆಯ ರಾಶಿಯಿಂದ ಅವನ ಕಂದು ಪ್ಯಾಂಟು ಎತ್ತಿಕೊಂಡಳು. ಒಂದು ಸಲ ಕೊಡವಿದಳು. ನಿಂತಳು. ಸೊಂಟದ ಹಿಂಭಾಗವನ್ನು ಎರಡು ಬೆರಳಲ್ಲಿ ಹಿಸುಕಿದಳು.

ಹೆಂಡತಿ: ಏನ್ರೀ ಇದು, ಇಷ್ಟು ದಪ್ಪ?

ದರ್ಜಿ: ಏನಿಲ್ಲ. ಒಗೆಯೋಕೆ ಹಾಕು.

ಹೆಂಡತಿ: ಏನಿಲ್ಲದೆ ಇಷ್ಟು ಉಬ್ಬಿದೆಯಾ? ನಿಜ ಹೇಳಿ, ಬಿಸ್ಕತ್ತು ತಾನೆ? ಅಲಮಾರಿ ಹುಡುಕಿದೆ, ಗುಂಡಿ ಡಬ್ಬಿ ಹುಡುಕಿದೆ, ಮಷೀನಿನ ಕೆಳಗೂ ಹುಡುಕಿದೆ. ಪ್ಯಾಂಟಿನೊಳಗೆ ಹೊಲಿದುಕೊಂಡು ಓಡಾಡ್ತೀರಿ ಅಂತ ನನಗೆ ಹೊಳೀಲೇ ಇಲ್ಲ!

ದರ್ಜಿ: ಬಿಸ್ಕತ್ತಿನ ಮೇಲೆ ಕೂತರೆ ಪುಡಿಯಾಗಲ್ವೇನೇ?

ಹೆಂಡತಿ: ಅಂದರೆ ಅದನ್ನೂ ಯೋಚನೆ ಮಾಡಿ ಇಟ್ಟಿದ್ದೀರಿ!

ಪ್ಯಾಂಟನ್ನು ಒಳಮೈ ಹೊರಗೆ ಮಾಡಿದಳು. ಬಿಸ್ಕತ್ತಿರಲಿಲ್ಲ. ಬಟ್ಟೆಯಿತ್ತು. ಪದರದ ಮೇಲೆ ಪದರ ಮಡಚಿ, ಮೂರು ಸಾಲು ಹೊಲಿಗೆ ಹಾಕಿದ ಹತ್ತು ಇಂಚು ಬಟ್ಟೆ. ಹೊರಗಡೆ ಹಿಂದಿನ ಎರಡು ಜೇಬುಗಳು ಹತ್ತಿರ ಬಂದು ಒಂದನ್ನೊಂದು ಮುಟ್ಟಿಕೊಂಡಿದ್ದವು.

ಹೆಂಡತಿ: ಇದನ್ನ ಯಾಕೆ ಕತ್ತರಿಸಿಲ್ಲ?

ದರ್ಜಿ: ಅದು ಮಾರ್ಜಿನ್. ಕಸುಬಿನ ನಿಯಮ. ಮೂವತ್ತು ವರ್ಷದಲ್ಲಿ ಎಷ್ಟು ಗಿರಾಕಿಗಳನ್ನ ನೋಡಿದ್ದೀನಿ! ಸಣ್ಣಗಾದೆ, ಪ್ಯಾಂಟು ಹಿಡಿಸಿಕೊಡಿ ಅಂತ ನಗ್ತಾ ಬರ್ತಾರೆ. ವರ್ಷ ಕಳೆದ ಮೇಲೆ ಅದೇ ಪ್ಯಾಂಟು ತಂದು, ಬಿಚ್ಚಿಕೊಡಿ ಅಂತ ಮೆಲ್ಲಗೆ ಕೇಳ್ತಾರೆ. ಕತ್ತರಿಸಿಬಿಟ್ಟಿದ್ರೆ ಏನು ಬಿಚ್ಚೋದು?

ಹೆಂಡತಿ: ನೀವು ಗಿರಾಕಿನಾ?

ದರ್ಜಿ: ನನ್ನ ಪ್ಯಾಂಟಿಗೆ ನಾನೇ ಗಿರಾಕಿ.

ಹೆಂಡತಿ: ಓಹೋ! ಹಾಗಾದ್ರೆ ವಾಪಸ್ ಬರೋ ದಿನಾನೂ ಗೊತ್ತುಮಾಡಿಕೊಂಡಿರಬೇಕು. ಹೇಳಿಬಿಡಿ, ಆರು ಮೊಟ್ಟೆ ಬೇಯಿಸಿಟ್ಟಿರ್ತೀನಿ.

ದರ್ಜಿ: ಹಾಗಲ್ಲ ಕಣೇ...

ಹೆಂಡತಿ: ಮತ್ತೆ ಹೇಗೆ? ಆಸ್ಪತ್ರೆ ಕಾಗದಕ್ಕೆ ಸಹಿ ಹಾಕಿದ್ದು ನಾನು. ರೋಗಿಗೆ ಎಚ್ಚರ ಆಗದೆ ಇರಬಹುದು ಅಂತ ಒಂದು ಸಾಲಿತ್ತು. ಅದನ್ನೂ ಓದಿಯೇ ಹಾಕಿದೆ. ಮೂರು ಗಂಟೆ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಆ ಡಾಕ್ಟರು ನಿಮ್ಮ ಹೊಟ್ಟೆಯನ್ನ ಮಡಚಿ ಹೊಲಿದ್ರಾ? ಮುಂದೆ ಬೇಕಾದೀತು ಅಂತ ಮಾರ್ಜಿನ್ ಬಿಟ್ರಾ? ಕತ್ತರಿಸಿ ಬಿಸಾಡಿದ್ರು! ಅವರಿಗಿರೋ ಧೈರ್ಯ ಒಂದು ಪ್ಯಾಂಟಿನ ವಿಷಯದಲ್ಲಿ ನಿಮಗಿಲ್ಲ.

ದರ್ಜಿ ಚಮಚ ಕೆಳಗಿಟ್ಟ. ಬಾಯಲ್ಲಿದ್ದ ತುತ್ತನ್ನು ಎಷ್ಟು ಸಲ ಅಗಿದೆನೆಂಬುದು ಮರೆತುಹೋಗಿತ್ತು.

ದರ್ಜಿ: ಅವರಿಗೇನು, ಅದು ನನ್ನ ಹೊಟ್ಟೆ. ಡಾಕ್ಟರೇ ಹೇಳಿದ್ದಾರೆ, ಉಳಿದಿರೋದೂ ನಿಧಾನಕ್ಕೆ ಹಿಗ್ಗಬಹುದು ಅಂತ. ದಿನಾ ಬೆಳಿಗ್ಗೆ ಟೇಪು ಸುತ್ತಿ ನೋಡ್ಕೋತೀನಿ. ಮೂವತ್ತೆಂಟು ಅಂತ ತೋರಿಸುತ್ತೆ. ನಂಬಿಕೆ ಬರಲ್ಲ. ಇನ್ನೊಂದು ಸಲ ಸುತ್ತುತ್ತೀನಿ.

ಅವಳು ಪ್ಯಾಂಟನ್ನು ಅವನ ಸೊಂಟದ ಎದುರು ಹಿಡಿದು ನೋಡಿದಳು. ಆ ಸಮಯದಲ್ಲಿ ಅವನ ಕಣ್ಣು ಒಲೆಯ ಮೇಲೆ ಬಿತ್ತು.

ದರ್ಜಿ: ಅದಿರಲಿ, ಆ ಪಾತ್ರೆ ಯಾವುದು?

ಹೆಂಡತಿ: ಯಾವ ಪಾತ್ರೆ?

ದರ್ಜಿ: ಸ್ನಾನಕ್ಕೆ ನೀರು ಕಾಯಿಸೋ ಅಷ್ಟು ದೊಡ್ಡದು ಒಲೆ ಮೇಲಿದೆಯಲ್ಲ, ಅದು. ಮನೆಯಲ್ಲಿ ಇರೋರು ಇಬ್ಬರು. ನಾನು ತಿನ್ನೋದು ಅರ್ಧ ಸೌಟು. ಆರು ಜನರ ಅನ್ನ ಯಾಕೆ ಬೇಯ್ತಿದೆ?

ಹೆಂಡತಿ: ಅದು... ಕೈ ಅಳತೆ. ಇಷ್ಟು ವರ್ಷದ ಅಭ್ಯಾಸ.

ದರ್ಜಿ: ನಾನು ಮಡಚಿಟ್ಟರೆ ಹೇಡಿತನ. ನೀನು ಬೇಯಿಸಿಟ್ಟರೆ ಕೈ ಅಳತೆ!

ಹೆಂಡತಿ: ಮಾತು ತಿರುಗಿಸಬೇಡಿ. ಕತ್ತರಿ ತನ್ನಿ. ನೀವು ಕತ್ತರಿಸಿ, ನಾನು ಈ ಪಾತ್ರೆ ಅಟ್ಟಕ್ಕೆ ಹಾಕ್ತೀನಿ.

ದರ್ಜಿ ಮುಂದಿನ ಕೋಣೆಯಿಂದ ದೊಡ್ಡ ಕತ್ತರಿ ತಂದ. ಮೂರು ಸಾಲು ಹೊಲಿಗೆಯಲ್ಲಿ ಒಂದನ್ನು ಉಳಿಸಿಕೊಂಡು, ಅದರ ಪಕ್ಕದಲ್ಲೇ ಸೀಮೆಸುಣ್ಣದಿಂದ ಗೆರೆ ಎಳೆದ. ಗಿರಾಕಿಯ ಬಟ್ಟೆಗೆ ಒಂದೇ ಸಲ ಅಳೆಯುವವನು ಇದಕ್ಕೆ ಮೂರು ಸಲ ಅಳೆದ. ಕೊನೆಗೆ ಕಣ್ಣು ಕಿರಿದು ಮಾಡಿ ಕತ್ತರಿಸಿದ. ಕಂದು ಬಟ್ಟೆ ನೆಲಕ್ಕೆ ಬಿತ್ತು.

ದರ್ಜಿ: ಆಯ್ತು. ಇನ್ನು ವಾಪಸ್ ಹೋಗೋ ದಾರಿ ಇಲ್ಲ. ಈಗ ಹೇಳು, ನಾಲ್ಕು ತಿಂಗಳಿಂದ ಪಾತ್ರೆಯಲ್ಲಿ ಉಳಿದಿದ್ದೆಲ್ಲ ಎಲ್ಲಿ ಹೋಯ್ತು?

ಹೆಂಡತಿ: ಅನ್ನ ಬಿಸಾಡೋಕಾಗುತ್ತಾ?

ದರ್ಜಿ: ಬಿಸಾಡದೆ?

ಅವಳು ಬಿದ್ದ ಬಟ್ಟೆಯನ್ನು ಎತ್ತಿಕೊಂಡು ಅಚ್ಚುಕಟ್ಟಾಗಿ ನಾಲ್ಕು ಮಡಿಕೆ ಮಾಡಿದಳು. ಮತ್ತೆ ಬಿಚ್ಚಿದಳು. ಮತ್ತೆ ಮಡಿಸಿದಳು.

ಹೆಂಡತಿ: ಅಲ್ಲ ರೀ, ಹೋದ ವರ್ಷ ನನಗೆ ಆ ನೀಲಿ ನಿಲುವಂಗಿ ಹೊಲಿದುಕೊಟ್ರಲ್ಲ.

ದರ್ಜಿ: ಹೂಂ.

ಹೆಂಡತಿ: ಅದರೊಳಗೆ ಎಷ್ಟು ಬಿಟ್ಟಿದ್ದೀರಿ?

ದರ್ಜಿ: ಪಕ್ಕಕ್ಕೆ ಎರಡೆರಡು ಇಂಚು. ಯಾಕೆ?

ಹೆಂಡತಿ: ಸಾಕಾಗುತ್ತಾ ಅಂತ.

ಊಟ ಮುಗಿದು ಅರ್ಧ ಗಂಟೆಯಾದ ಮೇಲೆ ಅವಳೇ ಒಂದು ಲೋಟ ನೀರು ತಂದುಕೊಟ್ಟಳು. ಮಧ್ಯಾಹ್ನ ಅಂಗಡಿ ತೆರೆದಾಗ ದರ್ಜಿ ಮೊದಲು ಕೈಗೆತ್ತಿಕೊಂಡದ್ದು ನೀಲಿ ನಿಲುವಂಗಿ. ಎರಡೂ ಪಕ್ಕದ ಹೊಲಿಗೆ ಪೂರ್ತಿ ಬಿಚ್ಚಿದ. ಸಾಕಾಗಲಿಲ್ಲ, ಕಂಕುಳ ಕೆಳಗೆ ಕಂದು ಬಟ್ಟೆಯ ತುಂಡು ಸೇರಿಸಿ ಹೊಲಿದ.