ಬಿಸಿಯಾಗುವ ಡಬ್ಬಗಳೂ ನಮ್ಮ ಮಾವನವರೂ

ಕಂಪ್ಯೂಟರ್ ರಿಪೇರಿಗೆ ಕೂತವರು ನಗುವನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ, ಗಿರಾಕಿಗಳೇ ತಂದುಕೊಡುತ್ತಾರೆ. ಅಜ್ಜಂಪುರದಲ್ಲಿ ನಾನು ಅಂಗಡಿ ತೆರೆದು ಒಂದೂವರೆ ವರ್ಷವಾಯಿತು. ಬರುವ ಡಬ್ಬಗಳಲ್ಲಿ ಅರ್ಧಕ್ಕರ್ಧ ಒಂದೇ ಕಾಯಿಲೆಯವು: ಒಳಗಿನ ಪ್ರೊಸೆಸರ್ ಕಾದು, ಇದ್ದಕ್ಕಿದ್ದಂತೆ ಆಫ್ ಆಗುವುದು. ಕಾರಣ ಮಾತ್ರ ಒಬ್ಬೊಬ್ಬರದು ಒಂದೊಂದು.

ನನಗಿದ್ದ ತಲೆನೋವು ಡಬ್ಬಗಳದ್ದಲ್ಲ, ಮಾವನವರದು. "ಸೊಸೆ ಸ್ಕ್ರೂಡ್ರೈವರ್ ಹಿಡ್ಕೊಂಡು ಊರೂರು ತಿರುಗೋದು ಚೆಂದಾನಾ? ಶಿವರಾತ್ರಿವರ್ಗೂ ನೋಡ್ತೀನಿ. ಅಷ್ಟ್ರೊಳಗೆ ನಾಕು ಜನ ಮೆಚ್ಲಿಲ್ಲ ಅಂದ್ರೆ ಶಟರ್ ಎಳ್ದು ಬೀಗ ಹಾಕ್ಬಿಡು" ಎಂದು ಗಡುವು ಕೊಟ್ಟಿದ್ದರು. ನನ್ನ ಗಂಡ ಎರಡೂ ಕಡೆಗೆ ತಲೆಯಾಡಿಸುವವರು. ಅಂಗಡಿ ಬಿಡುವುದಿಲ್ಲ ಎಂದು ನಾನೂ ಮನಸ್ಸಿನಲ್ಲೇ ಹಠ ಹಿಡಿದಿದ್ದೆ.

ಒಳಗೆ ಸೇರಿದ ವಿಭೂತಿ

ಅಜ್ಜಂಪುರದ್ದೇ ಒಂದು ಈರುಳ್ಳಿ ಮಂಡಿ. ನನ್ನನ್ನು ನೋಡಿದ ಯಜಮಾನರು, "ಮೆಕ್ಯಾನಿಕ್ ಎಲ್ಲವ್ವಾ?" ಎಂದರು.

"ನಾನೇ ಕಣ್ರೀ."

ನಂಬಿಕೆ ಬರಲಿಲ್ಲ. ನನ್ನ ಹಿಂದೆ ಇನ್ಯಾರಾದರೂ ಬರುತ್ತಾರೇನೋ ಎಂದು ಬಾಗಿಲ ಕಡೆ ನೋಡುತ್ತಲೇ ಇದ್ದರು. ಡಬ್ಬ ಬಿಚ್ಚಿದೆ. ಪ್ರೊಸೆಸರ್ ಮೇಲಿನ ಲೋಹದ ರೆಕ್ಕೆಗಳ ಸಂದಿಯೆಲ್ಲ ಬೆಳ್ಳಗೆ ತುಂಬಿಹೋಗಿದೆ. ವಿಚಾರಿಸಿದರೆ, ದಿನಾ ಪೂಜೆ ಮುಗಿಸಿ ಬಂದವರೇ ಡಬ್ಬದ ಮುಂದಿನ ಜಾಲರಿಗೆ ಮೂರು ಬೆರಳು ವಿಭೂತಿ ಎಳೆಯುತ್ತಿದ್ದರಂತೆ. ಹಚ್ಚಿದ್ದನ್ನೆಲ್ಲ ಫ್ಯಾನು ಭಕ್ತಿಯಿಂದ ಒಳಗೆಳೆದುಕೊಂಡಿತ್ತು.

"ಇನ್ನುಮೇಲೆ ಮಾನಿಟರ್‌ಗೆ ಹಚ್ಚಿ, ಅದು ಉಸಿರಾಡಲ್ಲ" ಎಂದು ಹೇಳಿ, ಬ್ರಷ್ಷಿನಿಂದ ಎಲ್ಲವನ್ನೂ ಒಂದು ಪೇಪರಿಗೆ ಉದುರಿಸಿದೆ. ಮೆಷಿನ್ನು ಸಂಜೆಯವರೆಗೂ ಒಂದೇ ಸಮ ಓಡಿತು. ಯಜಮಾನರು ಆ ಪೇಪರನ್ನು ಕಣ್ಣಿಗೊತ್ತಿಕೊಂಡು, "ಇಷ್ಟು ದಿನ ಕರೆಂಟಿನೊಳಗೆ ಇದ್ದು ಬಂದೈತೆ, ಭಾರೀ ಶಕ್ತಿ ಇರ್ತೈತೆ" ಎಂದು ನನ್ನ ಹಣೆಗೂ ದಪ್ಪಗೆ ಬಳಿದರು.

ಮನೆಗೆ ಬಂದಾಗ ಮಾವ ನನ್ನ ಹಣೆ ನೋಡಿ ಮೊದಲ ಸಲ ಸಂತೋಷಪಟ್ಟರು. "ಯಾವ ಮಠಕ್ಕೋಗಿದ್ಯಮ್ಮಾ?"

ಪಕ್ಕದ ಗಿರಣಿ

ಕಡೂರಿನಲ್ಲಿ ಒಂದು ಜೆರಾಕ್ಸ್ ಅಂಗಡಿ. ಅದಕ್ಕೆ ಅಂಟಿಕೊಂಡಂತೆ ಹಿಟ್ಟಿನ ಗಿರಣಿ, ನಡುವೆ ಒಂದು ಕಿಟಕಿ. ಕಂಪ್ಯೂಟರ್ ಕಾಯುತ್ತದೆ ಎಂದು ಜೆರಾಕ್ಸಿನವರು ಡಬ್ಬದ ಪಕ್ಕದ ತಗಡು ಕಿತ್ತು, ಗಾಳಿ ಬರಲಿ ಎಂದು ಸರಿಯಾಗಿ ಆ ಕಿಟಕಿಯ ಕೆಳಗೇ ಇಟ್ಟಿದ್ದರು. "ಪ್ರೊಸೆಸರ್ರೇ ಸುಟ್ಟೋಗೈತೆ, ಹೊಸದು ತಗೊಳ್ಳಿ ಅಂದ್ರು ಇನ್ನೊಬ್ರು ರಿಪೇರಿಯೋರು" ಎಂದು ಅಳುಮುಖ ಮಾಡಿದರು.

ಸುಟ್ಟಿರಲಿಲ್ಲ. ರಾಗಿಹಿಟ್ಟು ಮಳೆಗಾಲದ ತೇವ ಹೀರಿ, ಪ್ರೊಸೆಸರಿನ ಶಾಖಕ್ಕೆ ಬೆಂದು, ಫ್ಯಾನಿನ ಬುಡದಲ್ಲಿ ಮುದ್ದೆಯಾಗಿ ಕೂತಿತ್ತು. ಕೆರೆದು ತೆಗೆದು, ಪ್ರೊಸೆಸರಿನ ಶಾಖ ಮೇಲಿನ ಲೋಹಕ್ಕೆ ದಾಟಲೆಂದು ಹಚ್ಚುವ ಪೇಸ್ಟ್ ಒಣಗಿಹೋಗಿದ್ದರಿಂದ ಅದನ್ನೂ ಒರೆಸಿ ಹೊಸದು ಹಚ್ಚಿ, ತಗಡು ಮುಚ್ಚಿ ಆನ್ ಮಾಡಿದೆ. ತೊಂಬತ್ತು ಡಿಗ್ರಿ ತೋರಿಸುತ್ತಿದ್ದದ್ದು ಐವತ್ತಕ್ಕೆ ಇಳಿಯಿತು. ಜೆರಾಕ್ಸಿನವರು ಗೆದ್ದವರ ಹಾಗೆ ಆ ಹಿಟ್ಟನ್ನು ಒಯ್ದು ಗಿರಣಿಯವರ ಮುಂದೆ ಹಿಡಿದರು: "ನೋಡ್ರೀ ನಿಮ್ಮ ಕೆಲ್ಸ!"

ಗಿರಣಿಯವರು ಒಂದು ಚಿಟಿಕೆ ತೆಗೆದುಕೊಂಡು ಬೆರಳಲ್ಲಿ ಹೊಸಕಿ ನೋಡಿದರು. "ಇದು ನಮ್ದಲ್ಲ ಬಿಡ್ರೀ. ನಮ್ದು ಇನ್ನೂ ನುಣ್ಣಗಿರ್ತೈತೆ."

ಬೀರುವಿನಲ್ಲಿ ಬಂಧನ

ತರೀಕೆರೆಯ ಲಾಯರೊಬ್ಬರು ಕಕ್ಷಿದಾರರ ಗುಟ್ಟು ಹೊರಗೆ ಹೋಗಬಾರದೆಂದು ಡಬ್ಬವನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ವೈರು ಮಾತ್ರ ಹೊರಗೆ. "ಒಳಗೇ ಬೆಂದುಹೋಗ್ತಿದೆ ಸಾರ್, ಇದಕ್ಕೂ ಒಂದು ಜಾಮೀನು ಕೊಡಿಸಿ" ಎಂದೆ. ಅವರು ನಗಲಿಲ್ಲ. ಗಂಭೀರವಾಗಿ ಕೇಳಿದರು: "ಶೂರಿಟಿ ಯಾರು, ನೀವಾ?"

ಬೆಳಗಿನ ಕಾಯಿಲೆ

ಮಾವನವರು ನಮ್ಮೂರ ಹಾಲಿನ ಸಂಘದ ಅಧ್ಯಕ್ಷರು. ಚಳಿ ಶುರುವಾದಾಗಿನಿಂದ ಸಂಘದ ಕಂಪ್ಯೂಟರ್ ದಿನಾ ಬೆಳಗ್ಗೆ, ಸರಿಯಾಗಿ ಹಾಲು ಅಳೆಯುವ ಹೊತ್ತಿಗೇ ಆಫ್ ಆಗುತ್ತಿತ್ತು. ಮಾವ ನನ್ನನ್ನು ಒಂದು ಮಾತು ಕೇಳಲಿಲ್ಲ. ಶಿವಮೊಗ್ಗದಿಂದ ಮೂರು ಸಲ ಇಂಜಿನಿಯರ್ ಕರೆಸಿದರು. ಆತ ಬಸ್ಸಿಳಿಯುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತಿತ್ತು, ಕಂಪ್ಯೂಟರ್ ತಣ್ಣಗೆ ಓಡುತ್ತಿರುತ್ತಿತ್ತು. "ಏನೂ ತೊಂದ್ರೆ ಇಲ್ಲ ಸಾರ್" ಎಂದು ಹೋಗಿಬಿಡುತ್ತಿದ್ದ. ನನಗೆ ಹೊಟ್ಟೆ ಉರಿಯುತ್ತಿತ್ತು.

ಶಿವರಾತ್ರಿಗೆ ಮೂರು ದಿನವಿರುವಾಗ ಮತ್ತೆ ಕೆಟ್ಟಿತು. ಹಾಲಿನ ಲಾರಿ ಬರುವ ಹೊತ್ತು. ಕ್ಯಾನ್ ಹಿಡಿದು ನಿಂತವರೆಲ್ಲ ಗಲಾಟೆ ಎಬ್ಬಿಸಿದರು. ಸಾಲಿನಲ್ಲಿದ್ದ ಅಜ್ಜಿಯೊಬ್ಬರು, "ಮನೇಲೇ ಸೊಸೆ ಇಟ್ಕೊಂಡು ಶಿವಮೊಗ್ಗಕ್ಕೆ ಫೋನ್ ಮಾಡ್ತೀಯಲ್ಲೋ!" ಎಂದು ಗದರಿದ ಮೇಲೆ ಮಾವ ನನಗೆ ಹೇಳಿಕಳಿಸಿದರು. ಬ್ಯಾಗು ಹಿಡಿದು ಓಡಿದೆ.

ಡಬ್ಬ ಕೈ ಸುಡುತ್ತಿತ್ತು. ಬಿಚ್ಚಿದರೆ ಒಳಗೆ ಧೂಳಿಲ್ಲ, ಫ್ಯಾನೂ ಸಲೀಸಾಗಿ ತಿರುಗುತ್ತದೆ. ಹಾಗಾದರೆ ಬಿಸಿಗಾಳಿ ಹೊರಗೆ ಹೋಗುತ್ತಿಲ್ಲ ಎಂದು ಹಿಂದುಗಡೆ ಕೈ ಹಾಕಿದೆ. ಕಂಬಳಿ ಸಿಕ್ಕಿತು. ಕಂಬಳಿಯೊಳಗೆ ಬೆಚ್ಚಗೆ ಒಂದು ಸ್ಟೀಲ್ ಡಬ್ಬಿ, ನಮ್ಮ ಮನೆಯದೇ. ಎಲ್ಲರ ಮುಂದೆ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದೆ. ಗಟ್ಟಿ ಮೊಸರು!

ಮಾವ ಸೂರು ನೋಡತೊಡಗಿದರು. "ರಾತ್ರಿ ಹೆಪ್ಪಾಕಿದ್ದು ಚಳಿಗೆ ಗಟ್ಟಿಯಾಗ್ತಿರ್ಲಿಲ್ಲ ಕಣಮ್ಮಾ. ನಿಮ್ಮತ್ತೆ ಗೊಣಗ್ತಿದ್ಲು. ಇಲ್ಲಿ ಬಿಸಿಗಾಳಿ ಬತ್ತಿತ್ತು, ಬೆಳಗ್ಗೆ ತಂದು ಇಡ್ತಿದ್ದೆ. ಹನ್ನೊಂದಕ್ಕೆ ಮನೆಗೆ ತಗೊಂಡೋಗ್ತಿದ್ದೆ." ಎರಡು ತಿಂಗಳಿಂದ ಆ ಮೊಸರನ್ನು ಹೊಗಳಿ ಹೊಗಳಿ ತಿಂದವಳು ನಾನೇ.

ಅಜ್ಜಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಹೇಳಿದರು: "ಆ ಇಂಜಿನಿಯರ್‌ಗೆ ಹೆಂಗೆ ಸಿಕ್ಬೇಕು? ಅವ್ನು ಬರೋ ಹೊತ್ಗೆ ಕಾಯಿಲೆ ಊಟಕ್ಕೆ ಮನೆಗೋಗಿರ್ತಿತ್ತು!" ಇಡೀ ಸಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕೊನೆಯ ಕ್ಯಾನ್ ಅಳೆಯುವವರೆಗೂ ಕಂಪ್ಯೂಟರ್ ಒಮ್ಮೆಯೂ ಆಫ್ ಆಗಲಿಲ್ಲ. "ಇನ್ನು ನಮ್ಗೆ ಶಿವಮೊಗ್ಗದೋರು ಬ್ಯಾಡ, ಇವಳೇ ಸಾಕು" ಎಂದು ನಾಲ್ಕಲ್ಲ, ನಲವತ್ತು ಜನ ಹೇಳಿದರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಎಲ್ಲರೂ ಹೋದ ಮೇಲೆ ಮಾವ ಹತ್ತಿರ ಬಂದರು. "ಆ ಶಟರ್ ವಿಷ್ಯ..." ಎಂದು ಗಂಟಲು ಸರಿಮಾಡಿಕೊಂಡರು.

"ನಿನ್ನ ಅಂಗಡಿಗೆ ಬಿಸಿಯಾಗೋ ಕಂಪ್ಯೂಟರ್‌ಗಳು ದಿನಾ ಬತ್ತಾವಾ?"

"ಬತ್ತಾವೆ ಮಾವಾ."

"ಹಂಗಾದ್ರೆ ಅಂಗಡಿ ಮುಚ್ಬ್ಯಾಡ ಕಣಮ್ಮಾ" ಎಂದು ಡಬ್ಬಿಯನ್ನು ಕಂಬಳಿ ಸಮೇತ ನನ್ನ ಕೈಗಿಟ್ಟರು. "ನಾಳೆಯಿಂದ ಇದನ್ನ ಅಲ್ಲಿಗೇ ತಗೊಂಡೋಗು."